ಮಾಲೀಕರು ಒಳಬರಬೇಕು

ಪರದೆಯ ಮೇಲೆ ಆ ಸಾಲು ಮತ್ತೆ ಬಂದು ನಿಂತಿತು. "ಮಾಲೀಕ: ಖೋ ಮೌ-ಸೊಂಗ್. ಮುಂದುವರಿಯಲು ಮಾಲೀಕರು ಒಳಬರಬೇಕು." ಲಾನ್ ಲಿ-ಯುನ್ 'ಸರಿ' ಎಂದು ಒತ್ತಿದಳು. ಸಾಲು ಕಣ್ಮರೆಯಾಯಿತು, ಚಕ್ರವೊಂದು ಗಿರ್ರನೆ ತಿರುಗಿತು, ಮತ್ತೆ ಅದೇ ಸಾಲು. ಮೂರು ದಿನದಿಂದ ಇದೇ ಕಥೆ. ಖೋ ಮೌ-ಸೊಂಗ್ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ಅವರ ಪೆಟ್ಟಿಗೆಯ ಹಿಂದೆ ಬೆಟ್ಟದ ಸ್ಮಶಾನದವರೆಗೂ ನಡೆದವರಲ್ಲಿ ಅವಳೂ ಒಬ್ಬಳು.

"ಏನಂತೆ?" ಎಂದು ಫೋನಿನಲ್ಲಿ ಫಾಂಗ್ ಕೇಳಿದ. ಅವನು ತೈಪೆಯಲ್ಲಿ, ಈ ತಂತ್ರಾಂಶ ಮಾರಿದ ಕಂಪನಿಯಲ್ಲಿ, ಗಿರಾಕಿಗಳ ಗೋಳು ಕೇಳುವ ಕೆಲಸದಲ್ಲಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಮೂರು ದಿನದಲ್ಲಿ ಅವಳ ಮನೆಯವರಿಗಿಂತ ಹೆಚ್ಚು ಮಾತನ್ನು ಅವಳ ಜೊತೆ ಆಡಿದ್ದವನು ಅವನೇ.

"ಕರೀತಾನೇ ಇದೆ."

"ಯಾರನ್ನ?"

"ತೀರ್ಕೊಂಡೋರನ್ನ."

"ಲಾನ್ ಮೇಡಂ, ಈ ತಿಂಗಳಲ್ಲಿ ಹಂಗೆಲ್ಲ ಅನ್ಬೇಡಿ. ನಾನಿಲ್ಲಿ ಒಬ್ನೇ ಕೂತಿದೀನಿ."

ಏಳನೆಯ ತಿಂಗಳು ನಡೆದಿತ್ತು. ಸತ್ತವರಿಗೆ ಬಾಗಿಲು ತೆರೆದು ಬಿಡುವ ತಿಂಗಳು. ಈ ತಿಂಗಳಲ್ಲಿ ಯಾರೂ ದೆವ್ವ ಎಂಬ ಮಾತೆತ್ತುವುದಿಲ್ಲ, 'ಅಣ್ಣಂದಿರು' ಅನ್ನುತ್ತಾರೆ. ಹೊಸ ಕಾರು ಕೊಳ್ಳುವುದಿಲ್ಲ, ಮನೆ ಬದಲಿಸುವುದಿಲ್ಲ, ಮದುವೆಯಂತೂ ಇಲ್ಲವೇ ಇಲ್ಲ. ತಂತ್ರಾಂಶದ ಮಾತೇನೂ ಪಂಚಾಂಗದಲ್ಲಿ ಇಲ್ಲವಲ್ಲ ಎಂದು ನಗಾಡಿ, ಅಪ್‌ಗ್ರೇಡಿಗೆ ದಿನ ಇಟ್ಟವನು ವಿಭಾಗದ ಮುಖ್ಯಸ್ಥ ಪಾನ್. ಅವತ್ತು ನಕ್ಕವನು ಈಗ ಈ ಕೋಣೆಗೆ ಬಂದರೆ ಹೊಸ್ತಿಲಲ್ಲೇ ನಿಲ್ಲುತ್ತಿದ್ದ.

ಅದು ಮೀನುಗಾರರ ಸಂಘದ ಎರಡನೆಯ ಮಹಡಿ. ದೋಣಿಗಳ ನೋಂದಣಿ, ಮೀನು ಹರಾಜಿನ ಚೀಟಿ, ಸಮುದ್ರದಲ್ಲಿರುವ ದೋಣಿಗಳೊಡನೆ ರೇಡಿಯೋದಲ್ಲಿ ಆಡಿದ ಒಂದೊಂದು ಮಾತು, ಎಲ್ಲವನ್ನೂ ದಿನಾ ನಕಲು ಮಾಡಿ ಬೀಗ ಹಾಕಿ ಕಾಪಿಡುವ ಬ್ಯಾಕಪ್ ತಂತ್ರಾಂಶ ಆ ಕೋಣೆಯ ಕಪಾಟಿನಷ್ಟೆತ್ತರದ ಸರ್ವರಿನಲ್ಲಿತ್ತು. ಹಳೆಯ ಆವೃತ್ತಿ ಭೋಳೆ ಸ್ವಭಾವದ್ದು, ಹೇಳಿದ ಕೆಲಸವನ್ನು ಯಾರು ಹೇಳಿದರು ಎಂದು ಕೇಳದೆ ಮಾಡಿಕೊಂಡು ಹೋಗುತ್ತಿತ್ತು. ಹೊಸದು ಮಹಾ ಸಂಶಯಪಿಶಾಚಿ. ಮೊದಲ ದಿನ ಎದ್ದೇ ಕೂರಲಿಲ್ಲ. ಎರಡನೆಯ ದಿನ ಹಳೆಯ ದಾಸ್ತಾನಿನ ಪಟ್ಟಿಯನ್ನೆಲ್ಲ ಮೊದಲಿನಿಂದ ಓದಲು ಕೂತು, ಸಂಘದವರು ಗಣರಾಜ್ಯ ಹುಟ್ಟಿದಾಗಿನಿಂದ ಎಣಿಸುವ ಗಣರಾಜ್ಯದ ವರ್ಷದಲ್ಲಿ ಬರೆದಿದ್ದ ತಾರೀಖುಗಳನ್ನು ಕಂಡು ಇದೆಲ್ಲ ಸಾವಿರದೊಂಬೈನೂರು ವರ್ಷದ ಹಿಂದಿನದೆಂದು ಗಲಾಟೆ ಎಬ್ಬಿಸಿತು. ಅದನ್ನು ಸರಿಮಾಡಿದರೆ, ಒಂದೊಂದು ಕೆಲಸಕ್ಕೂ ಮಾಲೀಕರು ಬಂದು ಪಾಸ್‌ವರ್ಡ್ ಕೊಟ್ಟು ಹೌದು ನನ್ನದೇ ಅನ್ನಬೇಕೆಂದು ಹಠ ಹಿಡಿಯಿತು. ಒಟ್ಟು ನಲವತ್ತೇಳು ಕೆಲಸ. ನಲವತ್ತಾರಕ್ಕೆ ಲಿ-ಯುನ್ ತನ್ನದೇ ಹೆಸರು ಹಾಕಿ ಹಸಿರು ದೀಪ ಹತ್ತಿಸಿದ್ದಳು. ಒಂದು ಕೆಂಪಾಗಿಯೇ ಉಳಿದಿತ್ತು.

ಆ ಒಂದರ ಹೆಸರು 'ತಾತ್ಕಾಲಿಕ'. ಹನ್ನೊಂದು ವರ್ಷದಿಂದ ಪ್ರತಿದಿನ ಮಧ್ಯಾಹ್ನ ಮೂರು ನಲವತ್ತಕ್ಕೆ ಒಂದೇ ಒಂದು ಕಡತವನ್ನು ತೆಗೆದು, ನೋಡಿ, ಮತ್ತೆ ಬೀಗ ಹಾಕಿ ಇಡುತ್ತಿತ್ತು. ಎಷ್ಟು ವರ್ಷ ಇಡಬೇಕು ಎಂಬ ಕಡೆ 'ಎಂದಿಗೂ ಅಳಿಸಬಾರದು' ಎಂದು ಬರೆದಿತ್ತು.

"ಮಾಲೀಕರನ್ನ ಬದಲಾಯಿಸಬಹುದು ಮೇಡಂ, ಕಷ್ಟ ಏನಿಲ್ಲ," ಎಂದ ಫಾಂಗ್. "ಆದ್ರೆ ಇದಕ್ಕೆ ಅವರ ಪಾಸ್‌ವರ್ಡಿಂದ್ಲೇ ಬೀಗ ಹಾಕಿದಾರೆ. ನಿಮ್ಮ ಹೆಸ್ರಿಗೆ ಮಾಡಿದ್ರೆ ಪೆಟ್ಟಿಗೆ ನಿಮ್ದು, ಆದ್ರೆ ಜನ್ಮದಲ್ಲಿ ತೆಗೆಯೋಕ್ಕಾಗಲ್ಲ. ಎಲ್ರೂ ಏನ್ಮಾಡ್ತಾರೆ ಅಂದ್ರೆ, ಇಂಥದನ್ನ ಅಳಿಸಿಬಿಡ್ತಾರೆ."

ಅಷ್ಟು ಹೇಳಿ, ಅಳಿಸುವ ಕ್ರಮವನ್ನು ಬರೆದು ಕಳಿಸಿದ. ಬಂದದ್ದು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿಗಳ ಸರಮಾಲೆ. ಲಿ-ಯುನ್‌ಗೆ ಮೂರು ದಿನದಲ್ಲಿ ಮೊದಲ ಸಲ ನಗು ಬಂತು. "ಫಾಂಗ್ ಅವರೇ, ಮತ್ತೆ ಗುಂಡಿ ಒತ್ತೋದು ಮರೆತ್ರಿ."

"ಅಯ್ಯೋ, ನನ್ನ ತಲೆ!"

ಅಲ್ಲಿಯ ಕೀಬೋರ್ಡಿನಲ್ಲಿ ಪ್ರತಿ ಗುಂಡಿಗೂ ಎರಡು ಬಾಯಿ. ಒಂದು ಇಂಗ್ಲಿಷ್ ಅಕ್ಷರದ್ದೋ ಅಂಕಿಯದ್ದೋ, ಇನ್ನೊಂದು ಅವರ ಭಾಷೆಯ ಉಚ್ಚಾರದ ಗುರುತು. ಮೂರು ನಾಲ್ಕು ಗುರುತು ಒತ್ತಿದರೆ ಒಂದು ಅಕ್ಷರ ಮೂಡುತ್ತದೆ. ನಡುವೆ ಒಂದು ಗುಂಡಿ ಒತ್ತಿ ಬಾಯಿ ಬದಲಿಸಬೇಕು. ಮರೆತರೆ 'ಊಟ ಆಯ್ತಾ' ಎಂದು ಬರೆದದ್ದು ಕಸದ ರಾಶಿಯಾಗಿ ಹೋಗಿ ಬೀಳುತ್ತದೆ. ಈ ತಪ್ಪು ಮಾಡದವರು ಆ ದ್ವೀಪದಲ್ಲೇ ಇಲ್ಲ. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಮಾತ್ರ ಇಂಗ್ಲಿಷ್ ಬಾಯಿಯೇ ತೆರೆಯುವುದು, ಅಲ್ಲಿ ಕಾಣುವುದೂ ಬರೀ ಚುಕ್ಕಿ.

"ಇನ್ನೂ ಆಗಿಲ್ವಾ?" ಪಾನ್ ಬಾಗಿಲಿಗೆ ಬಂದು ನಿಂತಿದ್ದ, ಕೈಯಲ್ಲಿ ಊದುಬತ್ತಿಯ ಕಟ್ಟು. ಆ ಮಧ್ಯಾಹ್ನ ಸಂಘದ ಅಂಗಳದಲ್ಲಿ ಅಣ್ಣಂದಿರಿಗೆ ಎಡೆ ಇಡುವುದಿತ್ತು. "ಆ ಹೆಸ್ರನ್ನ ಮೊದ್ಲು ಅಲ್ಲಿಂದ ತೆಗಿ ಮಾರಾಯ್ತಿ. ಈ ತಿಂಗಳಲ್ಲಿ ಹೆಸ್ರು ಹಿಡಿದು ಒಳಗ್ ಬನ್ನಿ ಒಳಗ್ ಬನ್ನಿ ಅಂತ ಮೂರು ದಿನ ಕರೆದ್ರೆ ಬರದೇ ಇರ್ತಾರಾ?"

"ಬಂದ್ರೆ ಒಳ್ಳೇದೇ ಸಾರ್. ಪಾಸ್‌ವರ್ಡ್ ಕೇಳ್ಬಹುದು."

"ತಮಾಷೆ ಮಾಡ್ಬೇಡ. ಮೂರು ಗಂಟೆ ಒಳಗೆ ಅಳಿಸಿಬಿಡು. ಹೆಸ್ರೇ ತಾತ್ಕಾಲಿಕ ಅಂತಿದೆ. ಏನಿರುತ್ತೆ ಅದ್ರಲ್ಲಿ, ಮೊಮ್ಮಗಳ ಫೋಟೋ ಇರ್ಬೇಕು." ಅವನು ಹೊಸ್ತಿಲಿಂದಲೇ ಕೈ ಚಾಚಿ, ಬಾಗಿಲ ಪಕ್ಕದ ಸರ್ವರಿನ ತಲೆಯ ಮೇಲಿದ್ದ ಹಸಿರು ಪೊಟ್ಟಣದ ಕುರುಕಲು ತಿಂಡಿಯನ್ನು ಎತ್ತಿ ತಾರೀಖು ನೋಡಿದ. ಯಂತ್ರ ಮಕ್ಕಳ ಹಾಗೆ ಹೇಳಿದ ಮಾತು ಕೇಳಿಕೊಂಡಿರಲಿ ಎಂದು ಇಡುವ ಪೊಟ್ಟಣ ಅದು. "ನೋಡು, ಇದರ ಅವಧಿ ಮುಗಿದು ಎರಡು ತಿಂಗಳಾಯ್ತು. ಸೊಂಗ್ ಇದ್ದಿದ್ರೆ ಹೀಗಾಗ್ತಿತ್ತಾ?"

ಇಲ್ಲ, ಆಗುತ್ತಿರಲಿಲ್ಲ. ಅವಳು ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಸೊಂಗ್ ಯಾವುದನ್ನೂ ಮರೆಯುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಸಂಘದ ರೇಡಿಯೋ ಮೇಜಿನಲ್ಲಿ ಕೂತವರು, ಆಮೇಲೆ ಈ ಯಂತ್ರಗಳನ್ನೂ ನೋಡಿಕೊಂಡವರು. ಲಿ-ಯುನ್‌ಳನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ಅವಳ ಅಪ್ಪ ದೋಣಿಯೊಂದಿಗೆ ಹೋದ ವರ್ಷ, ಆ ಹುಡುಗಿಗೆ ಕೆಲಸ ಕೊಡದಿದ್ದರೆ ನಾನೂ ಬಿಡುತ್ತೇನೆ ಎಂದು ಅಧ್ಯಕ್ಷರ ಮುಂದೆ ಕೂತಿದ್ದರಂತೆ. ಕೆಲಸ ಕಲಿಸಿದರು. ಅವಳ ಅಮ್ಮನ ಟಿವಿ ಕೆಟ್ಟರೆ ಏಣಿ ಹೊತ್ತುಕೊಂಡು ಬಂದು ಮಾಡಿನ ಮೇಲೆ ಹತ್ತಿದರು. ಪ್ರತಿ ಸೋಮವಾರ ತಮ್ಮ ಹಿತ್ತಲಿನ ಪೇರಲೆ ಹಣ್ಣು ಎರಡು ತಂದು ಅವಳ ಮೇಜಿನ ಮೇಲಿಡುತ್ತಿದ್ದರು, ಮಾತಿಲ್ಲದೆ. ಬೆಳಿಗ್ಗೆ ಬಂದೊಡನೆ ಎರಡೇ ಬೆರಳಿನಲ್ಲಿ ನಿಧಾನವಾಗಿ ಪಾಸ್‌ವರ್ಡ್ ಒತ್ತುವಾಗ ಅವರ ತುಟಿ ಅಲ್ಲಾಡುತ್ತಿತ್ತು. "ಗುಟ್ಟನ್ನ ಬಾಯಲ್ಲಿ ಹೇಳ್ಕೊಂಡು ಒತ್ತುತ್ತೀರಲ್ಲ ದೊಡ್ಡಪ್ಪ," ಎಂದು ಅವಳು ಕಾಡಿಸುವುದಿತ್ತು. ಅವರು ನಗುತ್ತಿರಲಿಲ್ಲ. "ವಯಸ್ಸಾಯ್ತು ಕಣಮ್ಮ, ಹೇಳ್ಕೊಂಡ್ರೇನೇ ಆಗೋದು," ಅನ್ನುತ್ತಿದ್ದರು.

ಪಾನ್ ಹೋದ ಮೇಲೆ ಲಿ-ಯುನ್ ಅಳಿಸುವ ಗುಂಡಿಯ ಮೇಲೆ ಬಾಣ ತಂದು ನಿಲ್ಲಿಸಿದಳು. ಕೊನೆಗೊಮ್ಮೆ ಎಂದು ಆ ಕೆಲಸದ ವಿವರ ತೆರೆದಳು. ಕಡತದ ಹೆಸರು ಬರೀ ಒಂದು ತಾರೀಖು, ಗಣರಾಜ್ಯದ ವರ್ಷದ್ದು. ಅಷ್ಟೇ. ಅದನ್ನು ಓದಿದ ಮೇಲೆ ಅವಳ ಕೈ ಮೌಸಿನಿಂದ ತಾನಾಗಿ ಕೆಳಗಿಳಿಯಿತು. ಅವಳ ಮನೆಯಲ್ಲಿ ಆ ತಾರೀಖಿಗೆ ಬೇರೆ ಹೆಸರೇ ಬೇಕಿರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಬಂಗುಡೆಯ ಕಾಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತ್ತು. ಎಲ್ಲ ದೋಣಿಗಳನ್ನೂ ರೇಡಿಯೋದಲ್ಲಿ ವಾಪಸ್ ಕರೆದಿದ್ದರು. ಎಲ್ಲವೂ ಬಂದವು, ಅವಳ ಅಪ್ಪ ಲಾನ್ ಜಿನ್-ಷುಯಿಯ 'ಷುನ್-ಫಾ' ಒಂದನ್ನು ಬಿಟ್ಟು. ಅದರಲ್ಲಿ ಇದ್ದವರು ಅಪ್ಪ ಮತ್ತು ಪಕ್ಕದ ಮನೆಯ ಆ-ಛೆಂಗ್ ಚಿಕ್ಕಪ್ಪ, ಇಬ್ಬರೇ. ಒಂಬತ್ತನೆಯ ದಿನ ಆ-ಛೆಂಗ್ ಸಿಕ್ಕಿದ. ಅಪ್ಪ ಸಿಗಲೇ ಇಲ್ಲ. ವಿಚಾರಣೆಯಲ್ಲಿ ಸೊಂಗ್ ಹೇಳಿದ್ದು ಮೂರೇ ಮಾತು: ಷುನ್-ಫಾ ಉತ್ತರ ಕೊಡಲಿಲ್ಲ, ಷುನ್-ಫಾ ಕರೆಯಲೂ ಇಲ್ಲ, ಅವತ್ತು ಮಧ್ಯಾಹ್ನ ಧ್ವನಿ ಹಿಡಿಯುವ ಯಂತ್ರ ಕೆಟ್ಟಿತ್ತು. ಜನ ಉಳಿದದ್ದನ್ನು ತಾವೇ ಸೇರಿಸಿಕೊಂಡರು. ಬಲೆ ತುಂಬ ಬಂಗುಡೆ ಬಿದ್ದಿರಬೇಕು, ವಾಪಸ್ ಕರೆಯುತ್ತಾರೆಂದು ಜಿನ್-ಷುಯಿ ರೇಡಿಯೋ ಆರಿಸಿರಬೇಕು. ಆ-ಛೆಂಗನ ಹೆಂಡತಿ ಆ-ಯಿನ್ ದಹನದ ದಿನವೇ ಲಿ-ಯುನ್‌ಳ ಅಮ್ಮನ ಮುಖಕ್ಕೆ ನೇರ ಹೇಳಿದ್ದಳು: "ನಿನ್ನ ಗಂಡ ಮೀನಿನ ಆಸೆಗೆ ಕಿವಿ ಮುಚ್ಕೊಂಡ. ನನ್ನ ಗಂಡನ್ನೂ ಕರ್ಕೊಂಡು ಹೋದ." ಗೋಡೆಗೆ ಗೋಡೆ ತಾಗಿದ ಮನೆ. ಅಂದಿನಿಂದ ಒಂದು ಮಾತಿಲ್ಲ. ಅಮ್ಮ ಎದುರುತ್ತರ ಕೊಟ್ಟವಳಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು. ಆ ನಂಬಿಕೆ ಅವಳನ್ನು ಒಳಗಿಂದ ತಿಂದುಹಾಕಿತ್ತು.

ಯಂತ್ರ ಕೆಟ್ಟಿತ್ತು ಎಂದಿದ್ದರು. ಕೆಟ್ಟಿದ್ದರೆ ಈ ಕಡತ ಎಲ್ಲಿಂದ ಬಂತು?

ಲಿ-ಯುನ್ ಎದ್ದು ಪಕ್ಕದ ಕೋಣೆಯ ಕಪಾಟು ತೆರೆದಳು. ಸೊಂಗ್ ದೊಡ್ಡಪ್ಪನ ಸಾಮಾನನ್ನು ಅವಳೇ ಡಬ್ಬದಲ್ಲಿ ತುಂಬಿಟ್ಟಿದ್ದಳು. ಮುಚ್ಚಳದ ಟೀ ಲೋಟ, ಓದುವ ಕನ್ನಡಕ, ರೇಡಿಯೋದ ಹಳೆಯ ಹೆಡ್‌ಫೋನು, ಅವರ ಕೀಬೋರ್ಡು. ಕೀಬೋರ್ಡಿನಲ್ಲಿ ಎರಡು ಗುಂಡಿಗಳ ಅಕ್ಷರ ಸವೆದು ಬೋಳಾಗಿತ್ತು. ಲೆಕ್ಕ ಹಾಕಿ ನೋಡಿದಳು: ನಾಲ್ಕು ಮತ್ತು ಜೆ. ತಿರುಗಿಸಿದರೆ ಬೆನ್ನಿಗೆ ಒಂದು ಹಳದಿ ಕಾಗದದ ಪಟ್ಟಿ, ಮೇಲೆ ಅಂಟುಪಟ್ಟಿ ಎಳೆದದ್ದು, ಅವರದೇ ನೆಟ್ಟಗಿನ ಅಕ್ಷರ. ಎರಡು, ಜೆ, ಓ, ನಾಲ್ಕು, ಒಂದು, ಜೆ, ನಾಲ್ಕು, ಎಫ್, ಯೂ, ಮೂರು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಪಾಸ್‌ವರ್ಡನ್ನು ಎಲ್ಲರ ಹಾಗೆ ಕೀಬೋರ್ಡಿನ ಅಡಿ ಅಂಟಿಸಿದ್ದರು.

"ಸಿಕ್ತು ಫಾಂಗ್ ಅವರೇ."

"ನಿಜ್ವಾಗ್ಲೂ? ದೇವರು ದೊಡ್ಡೋನು! ತಡೀರಿ, ನೇರ ಹಾಕ್ಬೇಡಿ. ಮೂರು ಸಲ ತಪ್ಪಾದ್ರೆ ಬೀಗ ಬಿದ್ದುಹೋಗುತ್ತೆ, ಆಗ್ಲೇ ಎರಡು ಸಲ ನೀವು ಊಹೆ ಮಾಡಿ ಒತ್ತಿದೀರಿ. ಬರೆಯೋ ಪುಟದಲ್ಲಿ ಒಂದ್ಸಲ ಒತ್ತಿ ತೋರ್ಸಿ. ನಾನೂ ಇಲ್ಲಿಂದ ನಿಮ್ಮ ಪರದೆ ನೋಡ್ತಿದೀನಿ."

ಅವಳು ಖಾಲಿ ಪುಟ ತೆರೆದು, ಪಟ್ಟಿಯನ್ನು ನೋಡಿಕೊಂಡು ಒಂದೊಂದಾಗಿ ಒತ್ತಿದಳು. ಬಾಯಿ ಬದಲಿಸುವುದನ್ನು ಮರೆತಿದ್ದಳು. ಪುಟದ ಮೇಲೆ ಮೂಡಿದ್ದು ಅಂಕಿ ಅಕ್ಷರವಲ್ಲ, ಅವಳ ಭಾಷೆಯ ಒಂದು ಮಾತು.

ತಪ್ಪಾಯ್ತು, ಕ್ಷಮಿಸು.

"ಅಯ್ಯೋ, ಅದಕ್ಯಾಕೆ ಕ್ಷಮೆ ಕೇಳ್ತೀರಿ ಮೇಡಂ?" ಎಂದು ಫಾಂಗ್ ನಕ್ಕ. "ಪರ್ವಾಗಿಲ್ಲ ಬಿಡಿ, ನಂದು ಇದೇ ಕೆಲ್ಸ ಅಲ್ವಾ. ಹೂಂ, ಈಗ ಪಾಸ್‌ವರ್ಡ್ ಒತ್ತಿ."

ಅವಳು ಪಟ್ಟಿಯನ್ನೂ ಪುಟವನ್ನೂ ಹೋಲಿಸಿ ನೋಡಿದಳು. ಒತ್ತಿದ್ದು ಅದೇ ಹತ್ತು ಗುಂಡಿ. ಎರಡು ಬೆರಳು, ಅಲ್ಲಾಡುವ ತುಟಿ. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಅವಳ ಮೇಜಿನಿಂದ ಎರಡು ಮಾರು ದೂರದಲ್ಲಿ ಕೂತು ಆ ಮನುಷ್ಯ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ. ಪರದೆ ಅದನ್ನು ಹತ್ತು ಚುಕ್ಕಿ ಮಾಡಿ ನುಂಗುತ್ತಿತ್ತು. ಅವಳು ಪಕ್ಕದಲ್ಲಿ ಪೇರಲೆ ಹಣ್ಣು ಕಚ್ಚಿಕೊಂಡು ಕಾಡಿಸುತ್ತಿದ್ದಳು.

ಮಾಲೀಕರ ಜಾಗಕ್ಕೆ ಹೋಗಿ, ಅದೇ ಹತ್ತನ್ನು ಒತ್ತಿದಳು. ಹತ್ತು ಚುಕ್ಕಿ. ಚಕ್ರ ಗಿರ್ರೆಂದಿತು. "ಖೋ ಮೌ-ಸೊಂಗ್ ಒಳಬಂದಿದ್ದಾರೆ," ಎಂದು ಪರದೆ ಹೇಳಿತು. ಕೋಣೆಯ ಎಸಿ ಆಗಲೂ ಅಷ್ಟೇ ತಣ್ಣಗಿತ್ತು, ಆದರೂ ಅವಳಿಗೆ ತಿರುಗಿ ಹಿಂದೆ ಇದ್ದ ಖಾಲಿ ಕುರ್ಚಿಯನ್ನು ನೋಡದೆ ಇರಲಾಗಲಿಲ್ಲ.

"ಬಂತು! ಹಸಿರು ಬಂತು!" ಫಾಂಗ್ ಆ ಕಡೆ ಮೇಜು ಕುಟ್ಟಿದ. "ಈಗ ಹೊಸ ಮಾಲೀಕರ ಹೆಸ್ರು ಹಾಕ್ಬಿಡಿ, ಮುಗೀತು."

"ಆಮೇಲೆ ಫೋನ್ ಮಾಡ್ತೀನಿ," ಎಂದು ಅವಳು ಇಟ್ಟುಬಿಟ್ಟಳು.

ಕಡತದಲ್ಲಿ ಇದ್ದದ್ದು ಧ್ವನಿ. ಶುರುವಾದದ್ದು ಅವತ್ತು ಮಧ್ಯಾಹ್ನ ಮೂರು ನಲವತ್ತಕ್ಕೆ, ಉದ್ದ ಒಂದು ಗಂಟೆ ಹನ್ನೆರಡು ನಿಮಿಷ. ಆ ಯಂತ್ರಕ್ಕೆ ಸ್ಪೀಕರ್ ಇರಲಿಲ್ಲ. ಡಬ್ಬದಿಂದ ಹಳೆಯ ಹೆಡ್‌ಫೋನು ತಂದು ಸಿಕ್ಕಿಸಿ ಕಿವಿಗಿಟ್ಟುಕೊಂಡಳು. ಮೊದಲು ಬರೀ ಗೊರಗೊರ. ಆಮೇಲೆ ಅಪ್ಪ.

"ಸಂಘದ ರೇಡಿಯೋ, ಸಂಘದ ರೇಡಿಯೋ, ಷುನ್-ಫಾ ಮಾತಾಡ್ತಿರೋದು. ಸೊಂಗ್, ಇದೀಯೇನೋ? ನೀನು ಕರೆದಾಗ್ಲೇ ತಿರುಗಿಸ್ಕೊಂಡೆ. ಉತ್ತರ ಕೊಟ್ಟೆ, ನಿನಗೆ ಮುಟ್ಟಿಲ್ಲ ಅನ್ಸುತ್ತೆ. ಇಂಜಿನ್ನಿಗೆ ನೀರು ಹೊಕ್ಕಿದೆ. ಆಮೆ ಬಂಡೆಯಿಂದ ಪೂರ್ವಕ್ಕೆ ನಾಲ್ಕು ಮೈಲಿ. ಹತ್ರ ಯಾರಾದ್ರೂ ಇದ್ರೆ ಬಂದು ಹಗ್ಗ ಕೊಡ್ಲಿ."

ತುಸು ಬಿಟ್ಟು ಅದೇ ಮಾತು ಇನ್ನೊಮ್ಮೆ. ದನಿಯಲ್ಲಿ ಗಾಬರಿಯಿಲ್ಲ, ಅಂಗಡಿಯ ಮುಂದೆ ನಿಂತು ಕೂಗಿದ ಹಾಗೆ. ಮೂರನೆಯ ಸಲ ಕರೆದು, ಕಾದು, ಅಪ್ಪ ರೇಡಿಯೋದಿಂದ ಮುಖ ತಿರುಗಿಸಿ ಯಾರಿಗೋ ಹೇಳಿದ: "ಸೊಂಗ್ ಇಲ್ಲ ಕಣೋ. ಟೀ ಕುಡಿಯೋಕ್ಕೆ ಹೋಗಿರ್ಬೇಕು."

ಗಾಳಿಯ ಆಚೆಯಿಂದ ಆ-ಛೆಂಗನ ದನಿ ಬಂತು. "ನಮ್ಗೂ ಎರಡು ಲೋಟ ಹೇಳು."

"ತಡಿ, ಇನ್ನೊಂದ್ಸಲ ಕರೀತೀನಿ," ಎಂದ ಅಪ್ಪ. ಅಲ್ಲಿಗೆ ಮಾತು ನಿಂತಿತು. ಗೊರಗೊರವೂ ನಿಂತಿತು. ಎಂಟು ನಿಮಿಷ ಏನೂ ಇಲ್ಲ. ಆಮೇಲೆ ಬಾಗಿಲು ಬಡಿದ ಸದ್ದು, ಓಡಿ ಬಂದವರ ಏದುಸಿರು. ಕರೆ ಬಂದಿತ್ತೆಂದು ಹೇಳುವ ಕೆಂಪು ದೀಪ ಕಂಡಿರಬೇಕು.

"ಷುನ್-ಫಾ, ಷುನ್-ಫಾ, ಸಂಘದ ರೇಡಿಯೋ. ಈಗ ಕರೆದಿದ್ದು ಯಾರು? ಜಿನ್-ಷುಯಿ, ನೀನಾ? ಕೇಳಿಸ್ತಿದ್ಯಾ?"

ಆ ಒಂದೇ ಪ್ರಶ್ನೆ ಒಂದು ಗಂಟೆಯವರೆಗೂ ಮುಂದುವರಿದಿತ್ತು. ಆ ಎಂಟು ನಿಮಿಷ ಸೊಂಗ್ ಎಲ್ಲಿದ್ದರು? ಧಕ್ಕೆಯಲ್ಲಿ ಯಾರದೋ ದೋಣಿಗೆ ಹಗ್ಗ ಬಿಗಿಯುತ್ತಿದ್ದರೋ, ನಿಜವಾಗಿಯೂ ಟೀ ಕುಡಿಯುತ್ತಿದ್ದರೋ, ಅದು ಯಾವ ಕಡತದಲ್ಲೂ ಇರಲಿಲ್ಲ. ಲಿ-ಯುನ್ ಹೆಡ್‌ಫೋನ್ ತೆಗೆದಿಟ್ಟಳು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಬೆಟ್ಟ ಹತ್ತಿ ಆ ಗೋರಿಯನ್ನು ಅಗೆದು ಆ ಮುದುಕನ ಕೊರಳಪಟ್ಟಿ ಹಿಡಿದು ಎಬ್ಬಿಸಿ ಕೂರಿಸಬೇಕು ಅನ್ನಿಸಿತು. ಹನ್ನೊಂದು ವರ್ಷ ನನ್ನ ಅಮ್ಮ ತಲೆ ತಗ್ಗಿಸಿ ಬೀದಿ ದಾಟಿದಳಲ್ಲ, ನೋಡಿಯೂ ಹಣ್ಣು ತಂದಿಟ್ಟೆಯಲ್ಲ! ಆ ಹಣ್ಣನ್ನೆಲ್ಲ ಈಗ ಏನು ಮಾಡಲಿ? ತಿಂದದ್ದಾಗಿದೆ. ಸಿಹಿಯಾಗಿಯೇ ಇದ್ದವು. ಅದೇ ಉಸಿರಿನಲ್ಲಿ, ಇಂಥ ಗೋಜಲು ಎದುರಾದಾಗಲೆಲ್ಲ ಕರೆಯುತ್ತಿದ್ದ ಹಾಗೆ, ದೊಡ್ಡಪ್ಪಾ ಸ್ವಲ್ಪ ಬಂದು ನೋಡಿ ಎಂದು ಕರೆಯಬೇಕೆಂದೂ ಅನ್ನಿಸಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಆಯ್ತಾ? ಅಳಿಸಿದ್ಯಾ?" ಪಾನ್ ಮತ್ತೆ ಹೊಸ್ತಿಲಲ್ಲಿ. ಗೋಡೆಯ ಗಡಿಯಾರ ಮೂರು ದಾಟಿತ್ತು.

"ಇಲ್ಲ ಸಾರ್."

"ಯಾಕೆ? ಏನಿತ್ತು ಅದ್ರಲ್ಲಿ?"

"ಅಪ್ಪ ಇದ್ರು."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದ. ಪರದೆಯನ್ನೂ ಅವಳ ಮುಖವನ್ನೂ ನೋಡಿ, ದನಿ ತಗ್ಗಿಸಿ ಹೇಳಿದ: "ನೋಡಮ್ಮ. ಸೊಂಗ್ ಹೋಗಾಯ್ತು. ಕೆಟ್ಟೋನಲ್ಲ ಅವ್ನು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಮೊಮ್ಮಗಳು ಇಲ್ಲೇ ಶಾಲೆಗೆ ಹೋಗ್ತಾಳೆ. ಇದನ್ನ ಎತ್ತಿದ್ರೆ ನಾಳೆ ಆ ಮಗೂನ ಏನಂತಾರೆ ಊರೋರು?"

"ನನ್ನ ಅಪ್ಪನ್ನ ಅಂದ್ರಲ್ಲ ಸಾರ್. ಹನ್ನೊಂದು ವರ್ಷ ಅಂದ್ರು."

"ನಾನು ಬೇಡ ಅಂತಿಲ್ಲ..." ಎಂದ ಪಾನ್, ಸರ್ವರಿನ ಮೇಲೆ ಹೊಸ ಹಸಿರು ಪೊಟ್ಟಣ ಇಟ್ಟು, ಅದನ್ನು ನೆಟ್ಟಗೆ ಮಾಡಿದ. "ಅಳಿಸೋದಾದ್ರೆ ಈಗ ಅಳಿಸು. ನಾನು ಏನೂ ಕೇಳಿಲ್ಲ," ಎಂದು ಹೋದ.

ಲಿ-ಯುನ್ ಎದ್ದು ಕಿಟಕಿಯ ಬಳಿ ನಿಂತಳು. ಕೆಳಗೆ ಅಂಗಳದಲ್ಲಿ ಉದ್ದಕ್ಕೆ ಮೇಜು ಹಾಕಿ ಇಡೀ ಬಂದರಿನ ಹೆಂಗಸರು ಎಡೆ ಜೋಡಿಸುತ್ತಿದ್ದರು. ಬೇಯಿಸಿದ ಕೋಳಿ, ಹುರಿದ ಮೀನು, ಹಣ್ಣು, ಬಿಸ್ಕತ್ತಿನ ಡಬ್ಬ. ಪ್ರತಿ ಮನೆಯವರ ಎಡೆಯ ಮುಂದೂ ಒಂದು ಬೋಗುಣಿ ನೀರು, ಹೊಸ ಟವೆಲ್ಲು, ಬಾಚಣಿಗೆ. ದೂರದಿಂದ ಬಂದ ಅಣ್ಣಂದಿರು ಮುಖ ತೊಳೆದು ಕೂರಲಿ ಎಂದು. ಸಾಲಿನ ಈ ತುದಿಯಲ್ಲಿ ಅಮ್ಮ. ಗೋರಿಯಿಲ್ಲದ 'ಅಣ್ಣ' ಅವಳ ಮನೆಯಲ್ಲೇ ಒಬ್ಬ ಇದ್ದುದರಿಂದ ಅವಳು ಪ್ರತಿವರ್ಷ ಎರಡು ಟವೆಲ್ ಇಡುತ್ತಿದ್ದಳು. ಆ ತುದಿಯಲ್ಲಿ ಆ-ಯಿನ್, ಬೆನ್ನು ಈ ಕಡೆಗೆ.

ಲಿ-ಯುನ್ ಮೆಟ್ಟಿಲಿಳಿದು ಹೋದಳು. "ಅಮ್ಮಾ, ಮೇಲೆ ಬಾ. ಸ್ವಲ್ಪ ಕೆಲ್ಸ ಇದೆ."

"ಈಗ? ಊದುಬತ್ತಿ ಹಚ್ಚೋ ಹೊತ್ತು."

"ಅವ್ರು ಕಾಯ್ತಾರೆ, ಬಾ." ಆಮೇಲೆ ಇಡೀ ಸಾಲನ್ನು ದಾಟಿ ಆ ತುದಿಗೆ ಹೋಗಿ ನಿಂತಳು. ಹೆಂಗಸರ ಕೈಗಳೆಲ್ಲ ನಿಧಾನವಾದವು. "ಚಿಕ್ಕಮ್ಮ, ನೀವೂ ಬನ್ನಿ."

ಆ-ಯಿನ್ ಚಕ್ಕೋತ ಹಣ್ಣು ತೊಳೆಯುತ್ತಿದ್ದವಳು ತಲೆಯೆತ್ತಲಿಲ್ಲ. "ಯಾರಿಗೆ ಯಾರು ಚಿಕ್ಕಮ್ಮ? ನಿಮ್ಮನೆ ವಿಷ್ಯಕ್ಕೂ ನನಗೂ ಏನು ಸಂಬಂಧ?"

"ಚಿಕ್ಕಪ್ಪ ಮಾತಾಡಿದಾರೆ," ಎಂದಳು ಲಿ-ಯುನ್. "ರೇಡಿಯೋದಲ್ಲಿ. ಅವತ್ತು. ಇಟ್ಟಿದಾರೆ ಅದನ್ನ."

ಹಣ್ಣು ಬೋಗುಣಿಯೊಳಗೆ ಬಿತ್ತು. ಆ-ಯಿನ್ ಒದ್ದೆ ಕೈಯಲ್ಲೇ ಎದ್ದು ನಿಂತಳು. ಮೆಟ್ಟಿಲಲ್ಲಿ ಅಮ್ಮ ಮುಂದೆ, ಅವಳು ನಾಲ್ಕು ಮೆಟ್ಟಿಲು ಹಿಂದೆ.

ಹೆಡ್‌ಫೋನು ಒಂದೇ. ಲಿ-ಯುನ್ ಎರಡು ಕುರ್ಚಿ ಹಾಕಿ, ಅದನ್ನು ಅಗಲಿಸಿ, ಒಂದು ಕಿವಿಯದನ್ನು ಅಮ್ಮನಿಗೂ ಇನ್ನೊಂದನ್ನು ಆ-ಯಿನ್‌ಗೂ ಕೊಟ್ಟಳು. ತಂತಿ ಗಿಡ್ಡ. ಇಬ್ಬರೂ ಎಷ್ಟು ದೂರ ಕೂರಬೇಕೆಂದು ನೋಡಿದರೂ ತಲೆಗೆ ತಲೆ ತಾಗಿಸದೆ ದಾರಿಯಿರಲಿಲ್ಲ. ಮೂಲೆಯಲ್ಲಿ 'ಹೊಸ ಮಾಲೀಕರ ಹೆಸರು' ಎಂಬ ಖಾಲಿ ಚೌಕ ಇನ್ನೂ ಮಿಣುಕುತ್ತಿತ್ತು. ಗಡಿಯಾರ ಮೂರು ನಲವತ್ತು ತೋರಿಸಿತು. ಅವಳು ಒತ್ತಿದಳು.

ಅವಳಿಗೆ ಈಗ ಕೇಳಿಸುತ್ತಿರಲಿಲ್ಲ, ಆದರೆ ಪರದೆಯ ಮೇಲೆ ಧ್ವನಿಯ ಗೆರೆ ಕಾಣುತ್ತಿತ್ತು. ಮೊದಲ ಗುಡ್ಡೆ ಎದ್ದೊಡನೆ ಅಮ್ಮನ ಕೈ ಬಾಯಿಗೆ ಹೋಯಿತು. ಎರಡನೆಯ ಗುಡ್ಡೆ. ಮೂರನೆಯದು. ಅದರ ಪಕ್ಕದ ಸಣ್ಣ ಉಬ್ಬು ಬಂದಾಗ, 'ನಮ್ಗೂ ಎರಡು ಲೋಟ ಹೇಳು' ಎಂಬ ಜಾಗದಲ್ಲಿ, ಆ-ಯಿನ್ ಫಕ್ಕನೆ ನಕ್ಕುಬಿಟ್ಟಳು. ನಕ್ಕವಳು ಹಾಗೇ ಮುಖ ಮುಚ್ಚಿಕೊಂಡು ಮೇಜಿನಂಚನ್ನು ಹಿಡಿದಳು. ಒದ್ದೆ ಬೆರಳು ಐದೂ ಮೇಜಿನ ಮೇಲೆ ಮೂಡಿದವು. "ಇವ್ರು ಕರೆದಿದ್ರು," ಎಂದಳು, ಯಾರಿಗೆಂದಿಲ್ಲದೆ. "ಅಯ್ಯೋ ದೇವರೇ, ಕರೆದಿದ್ರಲ್ಲ ಇವ್ರು."

ಗೆರೆ ಸಪಾಟಾಯಿತು. ಆ ಎಂಟು ನಿಮಿಷವನ್ನು ದಾಟಿಸಿಬಿಡೋಣವೆಂದು ಲಿ-ಯುನ್ ಮೌಸಿಗೆ ಕೈ ಹಾಕಿದಳು. ಅಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಏನೂ ಇಲ್ಲದ ಆ ಸದ್ದನ್ನು ಇಬ್ಬರೂ ಕೂತು ಪೂರ್ತಿ ಕೇಳಿದರು. ಕೆಳಗೆ ಊದುಬತ್ತಿ ಹಚ್ಚಿದ್ದರು. ಹೊಗೆ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು.

ಆಮೇಲೆ ಗೆರೆ ಮತ್ತೆ ಎದ್ದಿತು, ಚೂಪಾಗಿ. ಅಮ್ಮ ಬೆಚ್ಚಿದಳು. ಅದು ಯಾರ ದನಿಯೆಂದು ಅವಳಿಗೆ ಹೇಳಬೇಕಿರಲಿಲ್ಲ. ಒಮ್ಮೆ, ಎರಡು ಸಲ, ಮೂರು ಸಲ ಅವಳು ಸುಮ್ಮನೆ ಕೇಳಿದಳು. ಅವಳ ಮುಖದಲ್ಲಿ ಆಗ ಏನಿತ್ತೆಂದು ಲಿ-ಯುನ್‌ಗೆ ಓದಲಾಗಲಿಲ್ಲ. ನಾಲ್ಕನೆಯ ಸಲಕ್ಕೆ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ, ಪರದೆಯ ಕಡೆ ಬಾಗಿ ಅಮ್ಮ ಹೇಳಿದಳು:

"ಕೇಳಿಸ್ತಿದೆ."

ಗೆರೆ ಮಲಗಿತು, ಮತ್ತೆ ಎದ್ದಿತು.

"ಕೇಳಿಸ್ತಿದೆ, ಸೊಂಗ್. ಕೇಳಿಸ್ತಿದೆ."

ಇನ್ನೂ ಒಂದು ಗಂಟೆಯಷ್ಟು ಬಾಕಿಯಿತ್ತು. ತಂತಿ ಎಳೆಯುತ್ತಿತ್ತೋ ಏನೋ, ಆ-ಯಿನ್ ತನ್ನ ಕುರ್ಚಿಯನ್ನು ಅಮ್ಮನ ಕುರ್ಚಿಗೆ ಇನ್ನಷ್ಟು ಹತ್ತಿರ ಸರಿಸಿಕೊಂಡಳು.